ಯಂತ್ರಕ್ಕೆ ತೋರಿಸಿದ ಸಾಂಬ್ರಾಣಿ

ಕಳೆದ ಶುಕ್ರವಾರ ಟಿ. ನಗರದ ಸೀರೆ ಅಂಗಡಿಯೊಂದರಲ್ಲಿ ನಾದಿನಿಯ ಮಗಳ ಸೀಮಂತಕ್ಕೆಂದು ಹಸಿರು ಸೀರೆ ಆರಿಸುತ್ತ ಕೂತಿದ್ದೆ. ಎದುರಿಗೆ ರಾಶಿ ಹಸಿರು ಸೀರೆ ಬಿಚ್ಚಿಟ್ಟಿದ್ದರು, ಒಂದೂ ಮನಸ್ಸಿಗೆ ಬರುತ್ತಿರಲಿಲ್ಲ. ಅಷ್ಟು ಹೊತ್ತಿಗೆ ಹೊರಗಿನಿಂದ ಆ ವಾಸನೆ ಬಂತು. ಸಂಜೆ ಅಂಗಡಿಯಿಂದ ಅಂಗಡಿಗೆ ಸಾಂಬ್ರಾಣಿ ಹಾಕುತ್ತ ಹೋಗುವ ಮುದುಕರು ಬಾಗಿಲಲ್ಲಿ ನಿಂತಿದ್ದರು. ಒಂದು ಕೈಯಲ್ಲಿ ಕೆಂಡದ ಪಾತ್ರೆ, ಇನ್ನೊಂದರಲ್ಲಿ ನವಿಲುಗರಿಯ ಕಟ್ಟು. ಗರಿ ಬೀಸಿದ ಹಾಗೆ ಬಿಳಿ ಹೊಗೆ ಸೀರೆಗಳ ಮೇಲೆ, ಗಲ್ಲಾದ ಮೇಲೆ, ನಮ್ಮೆಲ್ಲರ ತಲೆಯ ಮೇಲೆ ಹಾಯ್ದು ಹೋಯಿತು. ಸೀರೆ ಬಿಡಿಸುತ್ತಿದ್ದ ಹುಡುಗಿಯರು ಕೆಲಸ ನಿಲ್ಲಿಸಿ, ಎರಡೂ ಕೈಯಿಂದ ಹೊಗೆಯನ್ನು ಬಾಚಿ ಕಣ್ಣಿಗೊತ್ತಿಕೊಂಡರು.

ನಾನು ಮಾತ್ರ ಸೆರಗನ್ನು ಮೂಗಿಗೆ ಒತ್ತಿಕೊಂಡು ಬಾಗಿಲಾಚೆ ಓಡಿದೆ. ಅಲರ್ಜಿಯಾ ಮೇಡಂ ಎಂದು ಒಬ್ಬಳು ತಮಿಳಿನಲ್ಲಿ ಕೇಳಿದಳು. ಹೌದೆಂದು ತಲೆಯಾಡಿಸಿದೆ. ಶುದ್ಧ ಸುಳ್ಳು. ಸಾಂಬ್ರಾಣಿ ಎಂದರೆ ನನಗೆ ಚಿಕ್ಕಂದಿನಿಂದಲೂ ಪ್ರಾಣ. ಓಡಿದ್ದು ವೇಲಚೇರಿಯ ಒಬ್ಬ ಮಾಮಿಯ ನೆನಪಾಗಿ...

ಹದಿನೈದು ವರ್ಷದ ಹಿಂದಿನ ಮಾತು. ನಾನಾಗ ಒಂದು ಖಾಸಗಿ ಪ್ರಯೋಗಾಲಯದಲ್ಲಿ ಗಾಳಿಯ ಪರೀಕ್ಷೆ ಮಾಡುವ ಕೆಲಸಕ್ಕೆ ಹೊಸದಾಗಿ ಸೇರಿದ್ದೆ. ಮಂಡ್ಯದಲ್ಲಿ ನಮ್ಮಮ್ಮ ನೆಂಟರಿಷ್ಟರಿಗೆಲ್ಲ "ನನ್ ಮಗಳು ಮದ್ರಾಸಲ್ಲಿ ಗಾಳಿ ಹಿಡೀತಾಳೆ" ಎಂದು ಹೇಳಿಕೊಂಡು ತಿರುಗುತ್ತಿದ್ದಳು. ಕೇಳಿದವರು ನನಗೇ ಗಾಳಿ ಹಿಡಿದಿದೆ ಅಂದುಕೊಂಡಿದ್ದರೂ ಆಶ್ಚರ್ಯವಿಲ್ಲ, ಬಂದ ಎರಡು ಗಂಡುಗಳೂ ವಾಪಸು ಹೋಗಿದ್ದವು.

ವೇಲಚೇರಿಯಿಂದ ಆಚೆ, ಜೌಗಿನ ಅಂಚಿಗೆ, ಊರಿನ ಕಸವನ್ನೆಲ್ಲ ತಂದು ಸುರಿಯುವ ಜಾಗವಿತ್ತು. ಅಲ್ಲಿಯವರ ಬಾಯಲ್ಲಿ ಅದು ಕುಪ್ಪೆಮೇಡು, ಕಸದ ಗುಡ್ಡ. ಅದಕ್ಕೆ ಯಾವಾಗಲೂ ಎಲ್ಲೋ ಒಂದು ಕಡೆ ಬೆಂಕಿ ಹತ್ತಿಕೊಂಡಿರುತ್ತಿತ್ತು. ಮದ್ರಾಸಿನವರಿಗೆಲ್ಲ ಮಧ್ಯಾಹ್ನದ ಮೇಲೆ ಬೀಸುವ ಕಡಲ ಗಾಳಿ ಎಂದರೆ ಜೀವ. ಇಡೀ ಊರು ಬೆವರು ಒರೆಸಿಕೊಳ್ಳುತ್ತ ಅದಕ್ಕೇ ಕಾದಿರುತ್ತದೆ. ಆದರೆ ವೇಲಚೇರಿಯ ಬೀದಿಗಳಿಗೂ ಕಡಲಿಗೂ ನಡುವೆ ಕುಪ್ಪೆಮೇಡು ಕೂತಿತ್ತು. ತಂಪು ಬಂದರೆ ನಾತವೂ ಜೊತೆಗೇ ಬರುತ್ತಿತ್ತು. ಅಲ್ಲಿನ ನಿವಾಸಿಗಳು ಸೇರಿ ಕೋರ್ಟಿಗೆ ಹೋಗಿದ್ದರು. ಗಾಳಿಯಲ್ಲಿ ಏನೇನಿದೆ ಪರೀಕ್ಷೆ ಮಾಡಿಸಿ ತನ್ನಿ ಅಂದಿತ್ತು ಕೋರ್ಟು. ಆ ಕೆಲಸ ನನ್ನ ತಲೆಗೆ ಬಿತ್ತು.

ಯಂತ್ರ ಇಡಲು ಒಂದು ತಾರಸಿ ಬೇಕಿತ್ತು. ಕೇಸು ಹಾಕಿದವರೇ ತಾರಸಿ ಎಂದಕೂಡಲೇ ಹಿಂದೆ ಸರಿದರು. ಒಬ್ಬರಿಗೆ ಯಂತ್ರದ ಗುರ್ ಗುರ್ ಸದ್ದು ಆಗದು, ಇನ್ನೊಬ್ಬರಿಗೆ ವಾಸ್ತು. ಮೂರನೆಯ ಬಾಗಿಲೂ ಮುಚ್ಚಿದಾಗ ಆ ಭಾರದ ಪೆಟ್ಟಿಗೆಯನ್ನು ಉರಿಬಿಸಿಲಿನಲ್ಲಿ ಧೊಪ್ಪನೆ ಇಳಿಸಿ, "ಥೂ, ಇದರ ಮನೆ ಹಾಳಾಗ!" ಎಂದೆ.

"ಯಾರ ಮನೇಮ್ಮಾ ಹಾಳಾಗ್ಬೇಕು?"

ತಿರುಗಿ ನೋಡಿದರೆ ಪಕ್ಕದ ಗೇಟಿನ ಹಿಂದೆ ಕಚ್ಚೆ ಸೀರೆಯ ಹೆಂಗಸೊಬ್ಬರು. ಎಪ್ಪತ್ತರ ಹತ್ತಿರ ಇರಬೇಕು. ಹಣೆಯ ಮೇಲೆ ದೊಡ್ಡ ಕುಂಕುಮ, ಕೈಯಲ್ಲಿ ಸೊಪ್ಪು ಬಿಡಿಸುತ್ತಿದ್ದ ಮೊರ.

"ಯಾರದ್ದೂ ಇಲ್ಲ ಮಾಮಿ, ಈ ಪೆಟ್ಟಿಗೇದು" ಎಂದು ನಾಲಗೆ ಕಚ್ಚಿಕೊಂಡೆ.

"ನಮ್ಮ ಕನ್ನಡದ ಹುಡುಗಿ! ಉಳ್ಳೆ ಬಾ ಕಣ್ಣಾ, ಮೊದಲು ಕಾಫಿ ಕುಡಿ. ಪೆಟ್ಟಿ ಅಲ್ಲೇ ಇರ್ಲಿ, ಅದನ್ನ ಯಾರೂ ತೂಕ್ಕೊಂಡ್ ಹೋಗಲ್ಲ."

ಹೀಗೆ ಒಂದು ಬೈಗುಳದಿಂದ ನನಗೆ ತಾರಸಿ ಸಿಕ್ಕಿತು, ಮಾಮಿಯೂ ಸಿಕ್ಕಿದರು. ಅವರದು ಮೂರು ತಲೆಮಾರಿನಿಂದ ಮದ್ರಾಸಿನಲ್ಲೇ ಇದ್ದ ಮಾಧ್ವರ ಮನೆ. ಮಾತಿನಲ್ಲಿ ಅರ್ಧ ಕನ್ನಡವಾದರೆ ಮಿಕ್ಕಿದ್ದು ಬಾಯಿಗೆ ಬಂದ ತಮಿಳು. ತಾರಸಿ ಕೊಡಲು ಷರತ್ತು ಒಂದೇ: ಒಣಗಿ ಹಾಕಿದ ಮಡಿ ಬಟ್ಟೆ ಮುಟ್ಟಕೂಡದು. "ಅವ್ಳೋದಾನ್" ಎಂದರು, ಅಷ್ಟೇ ಎಂದು.

ಮಹಡಿಯ ಕೋಣೆಯಲ್ಲಿ ಅವರ ಯಜಮಾನರು ಮಲಗಿದ್ದರು. ನಾನು ಅವರನ್ನು ಮಾಮಾ ಎಂದೇ ಕರೆದೆ. ಬಂದರಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಉಬ್ಬಸ ಅವರನ್ನು ಮಂಚಕ್ಕೆ ಕಟ್ಟಿಹಾಕಿತ್ತು. ಒಂದು ವಾಕ್ಯಕ್ಕೆ ಎರಡು ಸಲ ನಿಂತು ಉಸಿರು ತೆಗೆದುಕೊಳ್ಳುವರು. ಮಂಚದ ಪಕ್ಕದಲ್ಲೇ ಪೂರ್ವಕ್ಕೆ ಒಂದು ದೊಡ್ಡ ಕಿಟಕಿ. ಅದನ್ನು ಮುಚ್ಚಿ, ಸಂದುಗೊಂದಿಗೆಲ್ಲ ಹಳೆಯ ಪಂಚೆ ತುರುಕಿದ್ದರು.

"ಮನೆ ಕಟ್ಟುವಾಗ ಕಡಲ್ ಗಾಳಿ ಬರ್ಲಿ ಅಂತ ಇವರೇ ನಿಂತು ಇಡಿಸಿದ ಕಿಟಕಿ" ಎಂದರು ಮಾಮಿ. "ಆಗ ಇಲ್ಲಿ ಕೆರೆ, ಗದ್ದೆ, ಅವ್ಳೋದಾನ್. ಈಗ ತೆಗೆದ್ರೆ ಇವರಿಗೆ ಮೂಚ್ಚು, ಉಸಿರೇ ನಿಂತ್ಹೋಗತ್ತೆ. ನಿನ್ನ ಮಿಷನ್ ಹೇಳಿದ್ರೆ ಆ ಬೆಂಕಿ ನಿಲ್ಸ್ತಾರಾ?"

"ಹೇಳೋಕಾಗಲ್ಲ ಮಾಮಿ. ಮಿಷನ್ ಹೇಳಿದ್ದನ್ನ ಕೋರ್ಟು ಕೇಳ್ಬೇಕು."

"ಕೇಳ್ಲಿ. ಇವರು ಹೋಗೋದ್ರೊಳಗೆ ಆ ಕಿಟಕಿ ಒಂದ್ಸಲ ತೆಗೆದು ಕೊಡ್ಬೇಕು ನಾನು."

ವಾರಕ್ಕೆ ಎರಡು ದಿನ ಬೆಳಿಗ್ಗೆ ಹೋಗಿ ಯಂತ್ರ ಹಚ್ಚಿಟ್ಟು, ಮರುದಿನ ಬೆಳಿಗ್ಗೆ ಹೋಗಿ ಸರಕು ತೆಗೆದುಕೊಂಡು ಬರುತ್ತಿದ್ದೆ. ಸರಕು ಎಂದರೆ ಧೂಳು ಕೂತ ಒಂದು ಬಿಳಿ ಕಾಗದ, ಬೆರಳಿಗಿಂತ ಸಣ್ಣದಾದ ಒಂದು ಗಾಜಿನ ಕೊಳವೆ. ಕೊಳವೆಯೊಳಗೆ ಕಪ್ಪು ಹರಳು, ಗಾಳಿಯಲ್ಲಿರುವ ಬೆಂಜೀನಿನಂಥ ವಿಷವನ್ನು ಹೀರಿಟ್ಟುಕೊಳ್ಳುವುದು ಅದೇ. ಏನದು ಎಂದು ಮಾಮಿ ಕೇಳಿದರು. ತೆಂಗಿನ ಚಿಪ್ಪಿನ ಇದ್ದಿಲು ಎಂದೆ. ಅವರ ಮುಖ ಅರಳಿತು. "ಕೊಟ್ಟಾಂಗುಚ್ಚಿ ಕರೀನಾ! ನಮ್ಮನೇಲೂ ಅದೇ!" ಎಂದರು. ಅವತ್ತಿನಿಂದ ಆ ಯಂತ್ರ ಅವರಿಗೆ ಮನೆಯ ಜನವೇ ಆಗಿಹೋಯಿತು. ನಾನು ತಡವಾಗಿ ಬಂದರೆ, ಅದು ಪಾಪ ಕಾಯ್ತಾ ಇದೆ ಎಂದು ನನ್ನನ್ನೇ ಬೈಯುವರು.

ಯಂತ್ರದ ಹತ್ತಿರ ಹೊಗೆ ಸುಳಿಯಬಾರದು, ಎಲೆ ಸುಡಬಾರದು, ಸೊಳ್ಳೆ ಬತ್ತಿ ಹಚ್ಚಬಾರದು, ಯಾರೂ ಬೀಡಿ ಸೇದಬಾರದು ಎಂದು ಹೇಳಿಕೊಟ್ಟಿದ್ದೆ. ಅಬ್ಬಾ, ಆ ಕಾವಲು! ಪಕ್ಕದ ಮನೆಯ ಡ್ರೈವರ್ ಬೀಡಿ ಸೇದಲು ಬೀದಿಯ ಕೊನೆಗೆ ಹೋಗಬೇಕಾಯಿತು. ಗೇಟಿನ ಎದುರು ಇದ್ದಿಲ ಪೆಟ್ಟಿಗೆಯಲ್ಲಿ ಇಸ್ತ್ರಿ ಮಾಡುತ್ತಿದ್ದವನ ಬಂಡಿಯನ್ನು ಮಾಮಿ ಬೀದಿಯ ಮೂಲೆಗೆ ಓಡಿಸಿದರು. ಪ್ರತಿ ಸಲ ಒಂದು ಹಾಳೆಗೆ ಮನೆಯವರ ಸಹಿ ಬೇಕಿತ್ತು. ಅದರಲ್ಲಿ ಷರಾ ಎಂಬ ಒಂದು ಅಂಕಣ. ಬೇರೆಯವರಾಗಿದ್ದರೆ ಖಾಲಿ ಬಿಡುತ್ತಿದ್ದರು. ಮಾಮಿ ಮುತ್ತಿನಂಥ ಕನ್ನಡ ಅಕ್ಷರದಲ್ಲಿ ತುಂಬಿಸುವರು: "ಮೂಲೆಯಲ್ಲಿ ರಸ್ತೆಗೆ ಟಾರು ಹಾಕಿದರು." "ಮೂರು ಗಂಟೆಗೆ ನಾತ ಬಂತು, ಇವರು ಊಟ ಬಿಟ್ಟರು." "ಮಿಷನ್ನಿನ ಮೇಲೆ ಕಾಗೆ ಕೂತಿತ್ತು, ಓಡಿಸಿದೆ."

ಮೊದಲ ಫಲಿತಾಂಶಗಳು ಬಂದಾಗ ನಾನು ಕುಣಿದಾಡಿದೆ. ಅಂಕಿಗಳು ಭರ್ಜರಿಯಾಗಿದ್ದವು. ಇಷ್ಟು ಸಾಕು, ಗೆದ್ದ ಹಾಗೇ ಎಂದರು ನಿವಾಸಿಗಳ ಸಂಘದ ಕಾರ್ಯದರ್ಶಿ. ಒಂದು ಮಧ್ಯಾಹ್ನ ಗಾಳಿ ಬೀಸಿದ ದಿಕ್ಕಿನ ಪಟ್ಟಿಯನ್ನು ಪಕ್ಕದಲ್ಲಿಟ್ಟು ನೋಡಿದರೆ ಲೆಕ್ಕ ತಾಳೆಯಾಗಲಿಲ್ಲ. ಆ ವರ್ಷ ಪಡುವಣ ಗಾಳಿ ಜೋರಾಗಿ, ಕೆಲವು ದಿನ ಕಡಲ ಗಾಳಿ ಬಂದೇ ಇರಲಿಲ್ಲ. ಅಂಥ ದಿನ ಕುಪ್ಪೆಮೇಡಿನ ಹೊಗೆಯೆಲ್ಲ ಕಡಲ ಕಡೆಗೆ ಹೋಗಬೇಕು, ನಮ್ಮ ಕೊಳವೆ ಸ್ವಚ್ಛವಾಗಿರಬೇಕು. ಇರಲಿಲ್ಲ. ಎಲ್ಲಿಂದಲೋ ಹೊಗೆ ಬರುತ್ತಿತ್ತು, ತೀರಾ ಹತ್ತಿರದಿಂದ.

ಯಾರಿಗೂ ಹೇಳದೆ ಅವತ್ತೇ ಸಂಜೆ ವೇಲಚೇರಿಗೆ ಹೋದೆ. ಆ ಡ್ರೈವರನನ್ನು ಹಿಡಿಯಬೇಕು ಎಂದುಕೊಂಡು ಕಳ್ಳಹೆಜ್ಜೆಯಲ್ಲಿ ಹೊರಗಿನ ಮೆಟ್ಟಿಲು ಹತ್ತಿದೆ. ದೀಪ ಹಚ್ಚುವ ಹೊತ್ತು. ತಾರಸಿಯ ಮೇಲೆ ಮಾಮಿ ನಿಂತಿದ್ದರು. ಕೈಯಲ್ಲಿ ಹಿಡಿಯಿರುವ ಹಿತ್ತಾಳೆಯ ಧೂಪದ ಪಾತ್ರೆ, ಅದರ ತುಂಬ ಚಿಪ್ಪಿನ ಕೆಂಡ, ಕೆಂಡದ ಮೇಲೆ ಸಾಂಬ್ರಾಣಿ ಪುಡಿ. ದೇವರಿಗೆ ತೋರಿಸುವ ಹಾಗೆ, ಏನೋ ಗುನುಗುತ್ತ, ಯಂತ್ರದ ಸುತ್ತ ಮೂರು ಸುತ್ತು ಹೊಗೆ ತೋರಿಸುತ್ತಿದ್ದರು.

"ಮಾಮೀ!" ಎಂದು ಕಿರಿಚಿದೆ.

ಅವರು ತಿರುಗಿ ನಕ್ಕರು. "ಪಾವಂ ಕಣ್ಣಾ, ದಿನವೆಲ್ಲ ಆ ನಾತಾನೇ ಕುಡೀತಾ ಕೂತಿರತ್ತೆ. ಇವರಿಗೆ ತೋರ್ಸಿ ಹಾಗೇ ಇದಕ್ಕೂ ಒಂದ್ಸಲ ತೋರಿಸ್ತೇನೆ."

"ಹೊಗೆ ಬರಬಾರದು ಅಂದಿರ್ಲಿಲ್ವಾ ನಾನು?"

"ಹೊಗೆ ಎಲ್ಲಿದೆ? ಇದು ಧೂಪ!"

ಬೈಯಲು ಬಾಯಿ ತೆರೆದವಳು ಹಾಗೇ ನಿಂತೆ. ಎಷ್ಟು ಬೆಳಿಗ್ಗೆ ಆ ಮನೆಯೊಳಗೆ ಕಾಲಿಟ್ಟಾಗ ಪರದೆಗಳಲ್ಲಿ ಉಳಿದಿದ್ದ ಅದೇ ಪರಿಮಳವನ್ನು ಆಹಾ ಎಂದು ಎಳೆದುಕೊಂಡಿರಲಿಲ್ಲ ನಾನು! ಗಾಳಿಯಲ್ಲಿ ವಿಷ ಹುಡುಕಲು ಸಂಬಳ ಪಡೆಯುವ ನನ್ನ ಮೂಗಿಗೇ ಅದು ಹೊಗೆ ಎಂದು ಹೊಳೆದಿರಲಿಲ್ಲ. ದೀಪದ ಬುಡದಲ್ಲೇ ಕತ್ತಲೆ ಅನ್ನುವುದು ಸುಮ್ಮನೆ ಅಲ್ಲ.

ಮೆಟ್ಟಿಲ ಮೇಲೆ ಕೂತು ವಿವರಿಸಿದೆ. ಕಸ ಸುಟ್ಟರೂ ಸಾಂಬ್ರಾಣಿ ಸುಟ್ಟರೂ ಕೊಳವೆಯ ಇದ್ದಿಲಿಗೆ ಒಂದೇ, ಅದಕ್ಕೆ ದೇವರು ದಿಂಡರು ಗೊತ್ತಿಲ್ಲ, ಇಷ್ಟು ದಿನದ್ದೆಲ್ಲ ಕೆಟ್ಟಿತು ಎಂದೆ. ಮಾಮಿ ಪಾತ್ರೆಯನ್ನು ಕೆಳಗಿಟ್ಟು ಕೇಳಿಸಿಕೊಂಡರು. ಆಮೇಲೆ ಮೆಲ್ಲಗೆ ಕೇಳಿದರು:

"ಮಿಷನ್ನಿಗೇ ಆಗಲ್ಲ ಅಂದ್ರೆ... ಇವರಿಗೆ?"

ಆ ಪ್ರಶ್ನೆ ಬಂದೀತು ಎಂದು ನನಗೆ ಹೊಳೆದೇ ಇರಲಿಲ್ಲ. ನನ್ನ ತಲೆಯಲ್ಲಿದ್ದದ್ದು ಬರೀ ಕೊಳವೆ. ಮುಚ್ಚಿದ ಕಿಟಕಿ, ಪಂಚೆ ತುರುಕಿದ ಸಂದು, ಒಳಗೆ ದಿನಾ ಸಂಜೆ ಕೋಣೆ ತುಂಬುವ ಧೂಪ... ನಾತ ಹೆಚ್ಚಾದ ದಿನ ಎರಡು ಸಲ. ಅಷ್ಟೊಂದೇನಿಲ್ಲ ಮಾಮಿ ಎಂದು ತೊದಲಿದೆ.

"ನೀ ಪಡಿಚ್ಚವಳು, ಓದಿದವಳು. ನನ್ನ ಮುಖ ನೋಡಿ ಹೇಳು."

"ಒಳ್ಳೇದಲ್ಲ ಮಾಮಿ" ಎಂದೆ.

ಅವರು ಎದ್ದು, ಮೂಲೆಯ ಬಕೆಟ್ಟಿನ ನೀರನ್ನು ಕೆಂಡದ ಮೇಲೆ ಸುರಿದರು. ಚುಂಯ್ ಎಂದಿತು. ಆ ಸದ್ದು ಇಂದಿಗೂ ನನಗೆ ಆಗದು.

ಮರುದಿನ ಕಾರ್ಯದರ್ಶಿಗೆ ಹೇಳಿದರೆ ಅವರು ಜಗ್ಗಲಿಲ್ಲ. ಅಂಕಿ ಜಾಸ್ತಿ ಬಂದರೆ ನಮಗೇ ಒಳ್ಳೆಯದು, ಸಾಂಬ್ರಾಣಿ ವಿಷಯ ಯಾರು ಕೇಳುತ್ತಾರೆ, ಹಾಗೇ ಕಳಿಸಿ ಎಂದರು. ಸತ್ಯ ಹೇಳುತ್ತೇನೆ, ನನ್ನ ಮನಸ್ಸೂ ಓಲಾಡಿತು. ಬೆಂಕಿ ನಿಂತರೆ ಕಿಟಕಿ ತೆರೆಯುತ್ತದೆ, ಕಿಟಕಿ ತೆರೆದರೆ ಮಾಮಿಯ ಆಸೆ ತೀರುತ್ತದೆ. ಒಂದು ಸುಳ್ಳಿಗೆ ಇಷ್ಟೆಲ್ಲ ಪುಣ್ಯ ಬರುವುದಾದರೆ ಬರಲಿ ಬಿಡು ಎಂದುಕೊಂಡೇ ಮಾಮಿಯ ಮನೆಗೆ ಹೋದೆ. ಕಾರ್ಯದರ್ಶಿಯ ಮಾತು ಕೇಳಿ ಅವರು ಹಾಳೆಗಳನ್ನೆಲ್ಲ ಕೊಡು ಎಂದರು. ಕನ್ನಡಕ ಹಾಕಿಕೊಂಡು ಕೂತು ಒಂದೊಂದರ ಷರಾದಲ್ಲೂ, ಕಾಗೆ ಮತ್ತು ಟಾರಿನ ಕೆಳಗೆ, ಬರೆದರು: "ಸಂಜೆ ನಾನು ಸಾಂಬ್ರಾಣಿ ಹಾಕಿದ್ದೆ." ಡಾಕ್ಟರಿಗೆ ತೋರಿಸಲೆಂದು ಮಾಮಾನನ್ನು ಕರೆದುಕೊಂಡು ಅಣ್ಣಾ ನಗರದ ಮಗಳ ಮನೆಗೆ ಹೋಗಿದ್ದ ದಿನಗಳ ನಾಲ್ಕು ಹಾಳೆ ಮಾತ್ರ ಉಳಿದವು.

"ಇವರಿಗೆ ಸುಳ್ಳು ಗಾಳಿ ಬೇಡ" ಎಂದರು.

ಆ ನಾಲ್ಕು ಹಾಳೆ, ಆಮೇಲಿನ ತಿಂಗಳುಗಳಲ್ಲಿ ಧೂಪವಿಲ್ಲದೆ ಹಿಡಿದ ಗಾಳಿ, ಇಷ್ಟೇ ವರದಿಗೆ ಹೋಯಿತು. ಕಡಲ ಗಾಳಿ ಬೀಸಿದ ದಿನಗಳಲ್ಲಿ ಅವುಗಳ ಅಂಕಿಯೂ ಕಡಿಮೆಯೇನಿರಲಿಲ್ಲ.

ಮನೆಯಲ್ಲಿ ಮಾತ್ರ ಬೇರೊಂದು ನಾಟಕ ಶುರುವಾಗಿತ್ತು. ಮೊದಲ ಸಂಜೆ ಮಾಮಾ "ಸಾಂಬ್ರಾಣಿ ಹಾಕ್ಲಿಲ್ವೇನೇ?" ಎಂದು ಕೇಳಿದರಂತೆ. ಚಿಪ್ಪಿನ ಕರಿ ಮುಗಿದಿದೆ ಎಂದರಂತೆ ಮಾಮಿ. ಎಷ್ಟು ದಿನ ಕರಿ ಮುಗಿದೀತು? ಮೂರನೆಯ ದಿನದಿಂದ ಮಾಮಿ ತಣ್ಣನೆಯ ಪಾತ್ರೆಗೆ ಚಿಟಿಕೆ ಸಾಂಬ್ರಾಣಿ ಹಾಕಿ, ಕೆಂಡವಿಲ್ಲದೆ, ಗಂಟೆ ಬಾರಿಸಿಕೊಂಡು ಬಂದು ಅವರಿಗೆ ತೋರಿಸತೊಡಗಿದರು. ಕೋಣೆಯನ್ನು ಬೇಕೆಂದೇ ಮಬ್ಬಾಗಿ ಇಡುತ್ತಿದ್ದರು. ಮಾಮಾ ಎರಡೂ ಕೈ ಚಾಚಿ, ಇಲ್ಲದ ಹೊಗೆಯನ್ನು ಬಾಚಿ ಕಣ್ಣಿಗೊತ್ತಿಕೊಂಡು "ಘಮ್ ಅಂತಿದೆ ಕಣೇ" ಅನ್ನುವರು. ನಾನೇ ಒಂದು ಸಂಜೆ ಬಾಗಿಲಲ್ಲಿ ನಿಂತು ನೋಡಿದೆ. ಮಾಮಿ ನನ್ನ ಕಡೆ ತಿರುಗಿ, ತುಟಿಯ ಮೇಲೆ ಬೆರಳಿಟ್ಟು ಅಡುಗೆಮನೆಗೆ ಹೋದರು.

ಅವರು ಹೋದಮೇಲೆ ಮಾಮಾ ಕೈಸನ್ನೆ ಮಾಡಿ ಕರೆದರು. "ಅವತ್ತು ಮೆಟ್ಟಿಲ ಮೇಲೆ ನೀವು ಮಾತಾಡಿದ್ದು... ಎಲ್ಲಾ ಕೇಳಿಸ್ತಮ್ಮಾ. ಪಂಚೆ ತುರುಕಿದ್ರೆ ಗಾಳಿ ನಿಲ್ಲತ್ತೆ... ಮಾತು ನಿಲ್ಲಲ್ಲ." ಉಸಿರಿಗಾಗಿ ನಿಂತು, ನಕ್ಕು, ಮುಂದುವರಿಸಿದರು. "ಅವಳಿಗೆ ಹೇಳ್ಬೇಡ. ನನಗೆ ವಾಸನೆ ಬರ್ತಿದೆ ಅಂತಾನೇ... ಇರ್ಲಿ."

ನಾನು ಹೇಳಲಿಲ್ಲ. ಇಬ್ಬರ ಗುಟ್ಟನ್ನೂ ಹೊಟ್ಟೆಯಲ್ಲಿಟ್ಟುಕೊಂಡು ಅದೇ ಮನೆಯ ಕಾಫಿಯನ್ನೂ ಕುಡಿದೆ.

ಕೋರ್ಟು ಬೆಂಕಿ ನಿಲ್ಲಿಸಿ ಎಂದಿತು. ಪೂರ್ತಿ ನಿಂತಿತೆಂದಲ್ಲ. ಆದರೂ ಕಾವಲು ಬಂತು, ನೀರಿನ ಲಾರಿ ಬಂತು, ಹೊಗೆ ಇಳಿಯಿತು. ಕಾರ್ತೀಕದ ಒಂದು ಮಧ್ಯಾಹ್ನ ಮಾಮಿ ಕಿಟಕಿಯ ಪಂಚೆಗಳನ್ನು ಒಂದೊಂದಾಗಿ ಎಳೆದು ತೆಗೆದರು. ಕಿಟಕಿಯ ಕದ ಊದಿಕೊಂಡು ಕೂತಿತ್ತು, ನಾನೂ ಅವರೂ ಸೇರಿ ಭುಜ ಕೊಟ್ಟು ತಳ್ಳಿದೆವು. ಕಡಲ ಗಾಳಿ ಒಳಗೆ ಬಂತು. ಚೂರು ನಾತ ಇತ್ತು, ಇಲ್ಲವೆನ್ನಲಾರೆ. ಮಾಮಾ ಕಣ್ಣು ಮುಚ್ಚಿ ಮಲಗಿದ್ದರು, ಎದೆಯ ಮೇಲಿನ ಹೊದಿಕೆ ಗಾಳಿಗೆ ಹಾರಾಡುತ್ತಿತ್ತು. ಎರಡು ತಿಂಗಳು ಆ ಕಿಟಕಿ ತೆರೆದೇ ಇತ್ತು. ಧನುರ್ಮಾಸದಲ್ಲಿ ಅವರು ಹೋದರು.

ವರ್ಷ ಕಳೆದ ಮೇಲೆ ಅಣ್ಣಾ ನಗರದ ಮಗಳ ಮನೆಗೆ ಮಾಮಿಯನ್ನು ನೋಡಲು ಹೋದೆ. ಆ ಅಗಲ ರಸ್ತೆ, ಮರ, ನೆರಳು ಯಾವುದೂ ಅವರಿಗೆ ಹಿಡಿಸಿರಲಿಲ್ಲ. ಮೊಮ್ಮಕ್ಕಳು ಕನ್ನಡಕ್ಕೆ ತಮಿಳಿನಲ್ಲಿ ಉತ್ತರ ಕೊಡುತ್ತಿದ್ದವು. ಬಾಲ್ಕನಿಯಲ್ಲಿ ಕೂತಾಗ ಅವರಾಗಿಯೇ ತೆಗೆದರು.

"ಕುಪ್ಪೆಮೇಡಿನ ಮೇಲೆ ನೀವೆಲ್ಲ ಕೇಸ್ ಹಾಕಿದ್ರಿ. ನನ್ನ ಮೇಲೆ ಯಾರು ಹಾಕ್ತಾರೆ ಕಣ್ಣಾ? ಎಷ್ಟು ವರ್ಷ ಕುಡಿಸಿದೆ ಇವರಿಗೆ ಆ ಹೊಗೆ!"

ಈ ಮಾತು ಬರುತ್ತದೆಂದು ನನಗೆ ಗೊತ್ತಿತ್ತು, ತಯಾರಾಗಿಯೇ ಹೋಗಿದ್ದೆ. ಚೀಲದಿಂದ ಎರಡು ಹಾಳೆ ತೆಗೆದೆ. ಒಂದು ಪಡುವಣ ಗಾಳಿಯ ದಿನದ್ದು, ಬರೀ ಸಾಂಬ್ರಾಣಿ. ಇನ್ನೊಂದು ಕಡಲ ಗಾಳಿಯ ದಿನದ್ದು, ಸಾಂಬ್ರಾಣಿ ಇಲ್ಲದ್ದು. "ನೋಡಿ ಮಾಮಿ. ಇದು ನಿಮ್ಮದು, ಇದು ಆ ಕಸದ್ದು. ಆನೆ ಎಲ್ಲಿ, ಇರುವೆ ಎಲ್ಲಿ!"

ಅವರು ಕನ್ನಡಕ ಹಾಕಿಕೊಂಡು ಸಣ್ಣ ಅಂಕಿಯ ಮೇಲೆ ಬೆರಳಿಟ್ಟರು.

"ಸೊನ್ನೆ ಅಲ್ವಲ್ಲ" ಎಂದರು.

ಅದು ತಾರಸಿಯ ಮೇಲಿನ ಅಂಕಿ. ಮುಚ್ಚಿದ ಕೋಣೆಯೊಳಗೆ ಎಷ್ಟಿತ್ತೆಂದು ಯಾರೂ ಅಳೆದಿರಲಿಲ್ಲ. ಅದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಇನ್ನು ನನ್ನ ಹತ್ತಿರ ಉಳಿದಿದ್ದು ಒಂದೇ, ಅದನ್ನೂ ಕೊಟ್ಟುಬಿಟ್ಟೆ.

"ಮಾಮಾಗೆ ಗೊತ್ತಿತ್ತು ಮಾಮಿ. ಮೆಟ್ಟಿಲ ಮೇಲಿನ ಮಾತು ಕೇಳಿಸಿಕೊಂಡಿದ್ರು. ಪಾತ್ರೇಲಿ ಕೆಂಡ ಇಲ್ಲ ಅನ್ನೋದೂ ಗೊತ್ತಿತ್ತು. ನಿಮಗೆ ಹೇಳಬೇಡ ಅಂದಿದ್ರು."

ಮಾಮಿ ನನ್ನನ್ನೇ ನೋಡಿದರು. "ದಿನಾ ಘಮ್ ಅಂತಿದೆ ಅಂತಿದ್ರಲ್ಲ!"

"ಹೂಂ."

"ಕಳ್ಳ" ಎಂದರು ಮಾಮಿ. ಗಂಡನ ಬಗ್ಗೆ ಬಹುವಚನ ಬಿಟ್ಟು ಅವರು ಆಡಿದ ಇನ್ನೊಂದು ಮಾತನ್ನು ನಾನು ಕೇಳಿಲ್ಲ. "ಕಳ್ಳ, ಕಳ್ಳ" ಎಂದು ನಕ್ಕರು, ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡರು, ಮತ್ತೆ ನಕ್ಕರು. ಹೊರಡುವಾಗ ಒಳಗೆ ಹೋಗಿ ಆ ಹಿತ್ತಾಳೆಯ ಪಾತ್ರೆ ತಂದು ನನ್ನ ಚೀಲದೊಳಗೆ ಇಟ್ಟರು. "ಕೆಂಡ ಹಾಕ್ಬೇಡ. ಸುಮ್ನೆ ವೆಚ್ಚುಕೋ" ಎಂದರು, ಇಟ್ಟುಕೋ ಎಂದು.

ಮಾಮಿ ಹೋಗಿ ಈಗ ಆರು ವರ್ಷ. ವೇಲಚೇರಿಯ ಆ ಮನೆ ಬಿದ್ದು ಫ್ಲ್ಯಾಟು ಎದ್ದಿದೆ, ಕಸದ ಗುಡ್ಡವನ್ನು ಅಗೆದು ಜರಡಿ ಹಿಡಿಯುತ್ತಿದ್ದಾರಂತೆ. ಗಾಳಿ ಹಿಡಿಯುವ ಯಂತ್ರಗಳೂ ಬದಲಾದವು, ಅಂಕಿ ತಾವೇ ಬರೆದುಕೊಳ್ಳುತ್ತವೆ. ಷರಾ ಬರೆಯುವವರು ಯಾರೂ ಬೇಕಿಲ್ಲ. ಪಾತ್ರೆ ಮಾತ್ರ ನಮ್ಮ ಮನೆಯ ಶೆಲ್ಫಿನಲ್ಲಿ ತಣ್ಣಗೆ ಕೂತಿದೆ. ಅದರ ಧೂಳು ಒರೆಸುವಾಗೆಲ್ಲ ಅಂದುಕೊಳ್ಳುತ್ತೇನೆ: ಅವತ್ತು ಮೆಟ್ಟಿಲ ಮೇಲೆ ಇನ್ನೂ ಮೆತ್ತಗೆ ಹೇಳಬಹುದಿತ್ತೇನೋ...

ಟಿ. ನಗರದ ಆ ಸಂಜೆ ಸಾಂಬ್ರಾಣಿಯ ಮುದುಕರು ಸೀರೆ ಅಂಗಡಿಯಿಂದ ಹೊರಬಂದವರು, ಬಾಗಿಲಲ್ಲಿ ಮೂಗು ಮುಚ್ಚಿ ನಿಂತಿದ್ದ ನನ್ನನ್ನು ನೋಡಿ, ನವಿಲುಗರಿಯನ್ನು ಎತ್ತಿದ್ದು ಹಾಗೇ ತಡೆದರು. ಬೇಡವೋ ಎಂದು ಕಣ್ಣಲ್ಲೇ ಕೇಳಿ, ಮುಂದಿನ ಅಂಗಡಿಗೆ ಹೆಜ್ಜೆ ಹಾಕಿದರು. ಐಯಾ, ಒಂದು ನಿಮಿಷ ಎಂದು ಕೂಗಿ ನಿಲ್ಲಿಸಿದೆ. ಆ ಹೊಗೆಯಲ್ಲಿ ಏನೇನಿದೆ ಎಂದು ಆ ಬೀದಿಯಲ್ಲಿ ನನ್ನಷ್ಟು ಬಲ್ಲವರು ಇನ್ನೊಬ್ಬರಿರಲಿಲ್ಲ. ಸೆರಗು ಬಿಟ್ಟು, ಎರಡೂ ಕೈ ಚಾಚಿ, ಬಾಚಿ ಕಣ್ಣಿಗೊತ್ತಿಕೊಂಡೆ. ಸೊನ್ನೆ ಅಲ್ಲ ಮಾಮಿ, ನೀವು ಹೇಳಿದ್ದೇ ಸರಿ. ಆದರೂ ಘಮ್ ಅಂತಿತ್ತು.